ಮುನಿರಾಜುವಿನ ಉಗುರು

ಭಾನುವಾರದ ಬೆಳಗ್ಗೆ ಉಗುರು ಕತ್ತರಿಸಿಕೊಳ್ಳುವುದು ನನಗೆ ದೇವರ ಪೂಜೆಯಷ್ಟೇ ನಿಯಮಬದ್ಧವಾದ ಕರ್ಮ. ಉಗುರು ಬೆಳೆಸಿದ ಗಂಡಸರನ್ನು ಕಂಡು ಮುಖ ಸಿಂಡರಿಸುವುದೂ ಅದರ ಅಂಗವೇ ಆಗಿದ್ದುದರಿಂದ, ಸಮೇತನಹಳ್ಳಿಯ ಮೆಕ್ಯಾನಿಕ್ ಮುನಿರಾಜುವಿನ ಹೆಬ್ಬೆರಳಿನ ಉದ್ದನೆಯ, ಗ್ರೀಸು ಮೆತ್ತಿದ ಉಗುರಿನ ಬಗ್ಗೆ ನನಗೆ ಸದಭಿಪ್ರಾಯವಿರಲಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಹೊಲದ ನೀಲಗಿರಿ ಕೊಯ್ಯಲು ನಾನೊಂದು ಚೈನ್‌ಸಾ ಕೊಂಡಿದ್ದೆ. ಅದಕ್ಕೆ ನಾಲ್ಕು ಸಲ ಹೊಸ ಚೈನು ತೊಡಿಸಿ, ನನ್ನಷ್ಟು ಮುತುವರ್ಜಿಯ ಯಜಮಾನ ಹೋಬಳಿಯಲ್ಲೇ ಇಲ್ಲವೆಂದು ಬೀಗುತ್ತಿದ್ದೆ. ಚೈನನ್ನು ಓಡಿಸುವ ಹಲ್ಲಿನ ಪುಟ್ಟ ಚಕ್ರ, ಅಂದರೆ ಸ್ಪ್ರಾಕೆಟ್ಟು, ಮುಚ್ಚಳದೊಳಗಿದೆಯೆಂದು ಗೊತ್ತಿತ್ತು. ಅದಕ್ಕೂ ಆಯಸ್ಸೆಂಬುದು ಇದೆಯೆಂದು ಮಾತ್ರ ಹೊಳೆದಿರಲಿಲ್ಲ, ನೋಡಿ.

ಕಳೆದ ವಾರದ ಬಿರುಗಾಳಿಗೆ ನನ್ನ ನೀಲಗಿರಿಯೊಂದು ಪಕ್ಕದ ಗೌರಮ್ಮನವರ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಿತ್ತು. ಒಳಗಿದ್ದುದು ದಿನ ತುಂಬಿದ ಹಸು. ನಾನು ವೀರಾವೇಶದಿಂದ ಯಂತ್ರ ಹೊತ್ತು ಹೋದೆ. ಹೊಸ ಚೈನು ಎರಡು ಸಲ ಜಾರಿ, ಮೂರನೆಯ ಸಲ ಕಳಚಿಯೇ ಬಂತು.

"ನೋವು ಶುರುವಾಗೈತೆ ಮೇಷ್ಟ್ರೇ, ಒಳಗೆ ಹೋಗಕ್ಕೇ ಆಗ್ತಿಲ್ವಲ್ಲ" ಎಂದು ಗೌರಮ್ಮ ಅತ್ತಾಗ, ಹೊಸ ಚೈನೂ ನಿಲ್ಲುತ್ತಿಲ್ಲವೆಂದು ಮುನಿರಾಜುವಿಗೆ ಫೋನು ಮಾಡಿದೆ.

ಫೋನು ಮಾಡಿದ ಕೂಡಲೇ ಬೈಕಿನಲ್ಲಿ ಧಾವಿಸಿದ ಮುನಿರಾಜು, ಪ್ಲಗ್ಗಿನ ವೈರು ಕಿತ್ತು, ಮುಚ್ಚಳ ಬಿಚ್ಚಿ, ಗಟ್ಟಿಯಾಗಿ ಕೂತಿದ್ದ ಮರದ ಪುಡಿಯನ್ನು ಕೆರೆದು, ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಆ ಉಗುರನ್ನು ಮೆಲ್ಲಗೆ ಎಳೆದ. ಅದು ಹಲ್ಲುಹಲ್ಲಿಗೂ ತಡೆದು ನಿಂತಿತು.

"ಇಲ್ನೋಡಿ ಸಾ, ಸವೆದು ಗುಂಡಿ ಬಿದ್ದೈತೆ. ಉಗುರು ಸಿಕ್ಕಾಕೊಂಡ್ರೆ ಇದರ ಕತೆ ಮುಗೀತು ಅಂತ. ಎರಡು ಚೈನ್‌ಗೊಂದ್ಸಲ ಇದನ್ನೂ ಬದಲಾಯಿಸ್ಬೇಕು, ಇಲ್ದಿದ್ರೆ ಹೊಸ ಚೈನನ್ನೂ ತಿಂದಾಕ್ತದೆ."

ಬೈಯಲಿಲ್ಲ, ನಗಲಿಲ್ಲ. ಕ್ಲಚ್ಚು ಕಳಚಿ, ಬೇರಿಂಗಿಗೆ ಚೂರು ಗ್ರೀಸು ಸವರಿ, ತಾನು ತಂದಿದ್ದ ಹೊಸ ಸ್ಪ್ರಾಕೆಟ್ಟು ಕೂರಿಸಿ, ಮರವನ್ನು ತಾನೇ ಮೂರು ತುಂಡು ಮಾಡಿದ. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ, ತಪ್ಪನ್ನು ಇಷ್ಟು ನಯವಾಗಿ ತೋರಿಸಬಹುದೆಂದು ಅಂದೇ ತಿಳಿದದ್ದು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಗೌರಮ್ಮ ಒಳಗೆ ಓಡಿದರು. ಕರುವಿನ ಒಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತಂತೆ. ಅದನ್ನು ನೇರ ಮಾಡಿ ಎಳೆದುಕೊಂಡರು. ಇನ್ನಷ್ಟು ತಡವಾಗಿದ್ದರೆ ಎರಡೂ ಉಳಿಯುತ್ತಿರಲಿಲ್ಲ ಎಂದರು.

ಇವತ್ತು ಭಾನುವಾರ. ಬೇಲಿಯಾಚೆ ಆ ಕರು ಕುಣಿಯುತ್ತಿದೆ. ನಾನು ಜಗಲಿಯಲ್ಲಿ ಕೂತು ಒಂಬತ್ತು ಬೆರಳಿನ ಉಗುರು ಕತ್ತರಿಸಿಕೊಂಡು ಎದ್ದೆ.