ಪರದೆಯ ಮೇಲೆ ಲೇತ್ ಕಲಿಸಿದವರು

ವಿದೇಶದ ಬರ್ಲಿಂಗ್ಟನ್ ಊರಿನ ಒಂದು ಕಾಲೇಜಿನಲ್ಲಿ ನಮಗೆ ಕಬ್ಬಿಣವನ್ನು ಗರಗರ ತಿರುಗಿಸಿ ಕಡೆಯುವ ಲೇತ್ ಯಂತ್ರ ಕಲಿಸುತ್ತಿದ್ದ ಉಡುಪಿಯ ಮೇಷ್ಟರು ಮಾತಾಡುವಾಗಲೂ ಬೆರಳಿನಿಂದ ಗಾಳಿಯಲ್ಲಿ ಕಂಪ್ಯೂಟರ್ ಪರದೆ ಸರಿಸುತ್ತಿದ್ದರು. ಕಸುಬಿನ ಕೋರ್ಸಿಗೂ ಪದವಿ ಕೊಡಬಹುದು, ವರ್ಕ್‌ಶಾಪಿನ ಅರ್ಧ ಪಾಠ ಕಂಪ್ಯೂಟರಿನಲ್ಲೇ ಮುಗಿಸಬಹುದು ಎಂದು ಅಲ್ಲಿನ ಸರ್ಕಾರ ಹೇಳಿದ ಮೇಲಂತೂ ಅವರು ಯಂತ್ರದ ಹತ್ತಿರ ಸುಳಿದದ್ದೇ ಕಡಿಮೆ. ಅವರ ಅಂಗಿಗೆ ಎಣ್ಣೆ ತಾಗಿದ್ದನ್ನು ನಾವು ಯಾರೂ ಕಾಣಲಿಲ್ಲ.

“ನಿಜವಾದ ಮೆಶೀನ್ ಮುಟ್ಟೋದು ಯಾವಾಗ ಸಾರ್?” ಎಂದು ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: “ಗವರ್ನ್‌ಮೆಂಟೇ ಒಪ್ಪಿದೆ ಮಾರಾಯ್ರೆ, ನಿಮ್ಮದೆಂತ ತಕರಾರು?”

ಸರ್ಕಾರದ ಅಧಿಕಾರಿಗಳು ನೋಡಲು ಬಂದ ದಿನ ಲೇತ್ ಓಡಿಸಿ ತೋರಿಸಲು ಮೇಷ್ಟರೇ ಮುಂದೆ ನಿಂತರು. ಯಂತ್ರಕ್ಕೆ ಕಬ್ಬಿಣದ ತುಂಡು ಸಿಕ್ಕಿಸಿದರು, ದಪ್ಪನೆಯ ಕೀ ತಿರುಗಿಸಿ ಬಿಗಿ ಮಾಡಿದರು, ಆ ಕೀಯನ್ನು ಅಲ್ಲೇ ಬಿಟ್ಟು ಸ್ವಿಚ್ ಒತ್ತಿದರು. ಯಂತ್ರ ತಿರುಗಿದ್ದೇ ಕೀ ಸಿಡಿದು ನನ್ನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಗೋಡೆಯೊಳಗೆ ಹೊಕ್ಕಿತು. ಆ ಗಾಳಿ ಇವತ್ತಿಗೂ ಕಿವಿಗೆ ತಾಗುತ್ತದೆ. ಮನೆಯಲ್ಲಿ ಯಾರಾದರೂ ಮಿಕ್ಸಿ ಹಾಕಿದರೂ ತಲೆ ತಗ್ಗಿಸುತ್ತೇನೆ.

ಮೇಷ್ಟರು ನನ್ನ ಕಡೆ ತಿರುಗಲೂ ಇಲ್ಲ. ತಪ್ಪು ಮಾಡಿದ ವಿದ್ಯಾರ್ಥಿಯನ್ನು ನೋಡುವಂತೆ ಯಂತ್ರವನ್ನು ನೋಡುತ್ತಾ ಹೇಳಿದರು:

“ಕಂಪ್ಯೂಟರಲ್ಲಿ ಸ್ಟಾರ್ಟ್ ಒತ್ತಿದ್ರೆ ಕೀ ತನ್ನಷ್ಟಕ್ಕೇ ಮಾಯ ಆಗ್ತದೆ.”