ಮೋಡದ ಸಂಜೆ ನಾನು ಕಂಡ ಧೂಮಕೇತು

ಆ ಸಂಜೆ ನಾನು ಧೂಮಕೇತುವನ್ನು ನೋಡಲಿಲ್ಲ. ನೋಡಿದೆನೆಂದು ವರದಿ ಕಳುಹಿಸಿದೆ. ಕೊಪ್ಪದ ನನ್ನ ಮನೆಯ ತಾರಸಿಯ ಮೇಲೆ ಮೋಡ ಕಂಬಳಿ ಹೊದ್ದು ಮಲಗಿತ್ತು. ಧೂಮಕೇತು ಹಾಗಿರಲಿ, ಆಕಾಶವೇ ಇರಲಿಲ್ಲ. ಆದರೂ ಅದರ ಹೊಳಪಿಗೆ ಒಂದು ಅಂಕ ಕೊಟ್ಟೆ — ಹನ್ನೆರಡು. ಆ ಸುಳ್ಳು ಹನ್ನೆರಡು ನನ್ನ ಹೆಂಡತಿಯ ತಂಗಿ ವಾರಿಜಳಿಗೆ ತನ್ನ ಕಣ್ಣುಗಳ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿತು. ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ — ಮುಂದೆ ನಾನು ಎಷ್ಟೇ ಅಲಂಕಾರ ಮಾಡಿದರೂ ಓದುವವರು ಮೋಸಹೋಗದಿರಲಿ ಎಂದು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಲೋಲಕದ ಪ್ರಯೋಗದಲ್ಲಿ ಉತ್ತರವನ್ನು ಮೊದಲು ಇಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ರೀಡಿಂಗ್ ತುಂಬಿಸುವ ಹುಡುಗರನ್ನು ಹಿಡಿಯುವುದರಲ್ಲಿ ನನಗೆ ದೊಡ್ಡ ಹೆಸರಿತ್ತು. ಅವರಿಗೆ ನಾನು ಮಾಡುತ್ತಿದ್ದ ಸತ್ಯೋಪದೇಶ ಕೇಳಿದ್ದರೆ ಹರಿಶ್ಚಂದ್ರನೂ ಎದ್ದು ನಿಂತು ಕೈಮುಗಿಯುತ್ತಿದ್ದ.

ನಾನು ಹೇಳುತ್ತಿರುವ ಧೂಮಕೇತು ಬಾಲ ಬೀಸಿಕೊಂಡು ಬಂದು ರಾಜರುಗಳನ್ನು ನಡುಗಿಸುವ ಜಾತಿಯದಲ್ಲ. ಏಳು ವರ್ಷಕ್ಕೊಮ್ಮೆ ಸೂರ್ಯನ ಹತ್ತಿರ ಬಂದು, ಯಾರಿಗೂ ತೊಂದರೆ ಕೊಡದೆ ಹೋಗುವ ಬಡಪಾಯಿ. ಬರಿಗಣ್ಣಿಗೆ ಕಾಣುವುದೇ ಇಲ್ಲ. ದೊಡ್ಡ ದುರ್ಬೀನಿನಲ್ಲಿ ನೋಡಿದರೂ ಉಸಿರು ತಾಗಿದ ಗಾಜಿನಂಥ ಒಂದು ಮಸುಕು. ಅದರ ದಾರಿ ಲೆಕ್ಕಕ್ಕೆ ಬಗ್ಗುತ್ತದೆ — ಯಾವ ಸಂಜೆ ಯಾವ ನಕ್ಷತ್ರದ ಪಕ್ಕದಲ್ಲಿರುತ್ತದೆಂದು ಮನೆಯಲ್ಲಿ ಕೂತೇ ಹೇಳಬಹುದು. ಹೊಳಪು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕಾಗಿಯೇ ಯಾರಾದರೂ ನೋಡಬೇಕು. ಪಕ್ಕದ ನಕ್ಷತ್ರವೊಂದನ್ನು ಬೇಕೆಂದೇ ಫೋಕಸ್ ತಪ್ಪಿಸಿ, ಧೂಮಕೇತುವಿನಷ್ಟೇ ಅಗಲಕ್ಕೆ ಹರಡಿ, ಎರಡನ್ನೂ ಹೋಲಿಸಿ ಅಂಕ ಕೊಡಬೇಕು. ಅಂಕ ದೊಡ್ಡದಾದಷ್ಟೂ ಹೊಳಪು ಕಡಿಮೆ. ನೇರವಾಗಿ ದಿಟ್ಟಿಸಿದರೆ ಆ ಮಸುಕು ಮಾಯವಾಗುತ್ತದೆ, ಓರೆಗಣ್ಣಿನಲ್ಲೇ ನೋಡಬೇಕು. ಮರ್ಯಾದಸ್ಥ ಗೃಹಸ್ಥನಿಗೆ ಓರೆನೋಟ ಶಾಸ್ತ್ರೋಕ್ತವಾಗಿ ಒದಗಿಬಂದದ್ದು ಇದೊಂದೇ ವಿದ್ಯೆಯಲ್ಲಿ.

ಈ ವಿದ್ಯೆಯನ್ನು ವಾರಿಜಳಿಗೆ ಕಲಿಸಿದವನು ನಾನೇ. ಅವಳು ನರಸಿಂಹರಾಜಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತ ಕಣ್ಣು. ಎರಡೇ ವರ್ಷದಲ್ಲಿ ಅವಳ ನೋಟ ನನ್ನದನ್ನು ಮೀರಿತು — ನಾನು ಅದನ್ನು ಯಾರಿಗೂ ಹೇಳಲಿಲ್ಲ, ಅವಳಿಗಂತೂ ಹೇಳಲೇ ಇಲ್ಲ. ನಮ್ಮಿಬ್ಬರ ನಡುವೆ ಒಂದು ನಿಯಮವಿತ್ತು: ಬೆಂಗಳೂರಿನಲ್ಲಿ ಹವ್ಯಾಸಿಗಳ ವರದಿಗಳನ್ನು ಒಟ್ಟುಗೂಡಿಸುವ ಸಂಚಾಲಕರಿಗೆ ಇಬ್ಬರೂ ಕಳುಹಿಸುವ ತನಕ ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯಬಾರದು. ನಿಯಮ ಮಾಡಿದವನೂ ನಾನೇ.

ಧೂಮಕೇತು ಹಿಂದಿನ ಸಲ ಬಂದಾಗ, ದೀಪಾವಳಿ ಕಳೆದ ಮೇಲೆ, ಕೊಪ್ಪದಲ್ಲಿ ಮೋಡ ಬಿಡಲೇ ಇಲ್ಲ. ಅಷ್ಟು ದಿನ ನನ್ನ ವರದಿ ಒಂದು ಸಂಜೆಯೂ ತಪ್ಪಿರಲಿಲ್ಲ; ಆ ಅಖಂಡ ವ್ರತದ ಬಗ್ಗೆ ನನಗೆ ವಿಪರೀತ ಅಭಿಮಾನ. ನಮ್ಮಲ್ಲಿ ಸೂತಕದ ದಿನವೂ ಸಂಧ್ಯಾವಂದನೆ ಬಿಡುವಂತಿಲ್ಲ; ನೀರು ಮುಟ್ಟದೆ ಮನಸ್ಸಿನಲ್ಲೇ ಅರ್ಘ್ಯ ಕೊಡುತ್ತಾರೆ. ನಾನು ಮೋಡವನ್ನೂ ಒಂದು ಸೂತಕವೆಂದು ತೀರ್ಮಾನಿಸಿ, ಮಾನಸಿಕ ವೀಕ್ಷಣೆ ನೆರವೇರಿಸಿದೆ. ಅಂದಾಜಿನ ಪ್ರಕಾರ ಹನ್ನೆರಡು ಇರಬೇಕಿತ್ತು. ಹನ್ನೆರಡು ಎಂದು ಕಳುಹಿಸಿ ಕಾಫಿ ಕುಡಿಯಲು ಕೆಳಗಿಳಿದೆ.

ಅಷ್ಟರಲ್ಲಿ ಫೋನ್ ಬಂತು.

"ಭಾವ, ನಾನು ಕಳ್ಸಿ ಆಯ್ತು. ನಂಬರ್ ಹೇಳಲ್ಲ, ನಿಯಮ ಅಂದ್ರೆ ನಿಯಮ. ನೀವು ಬೇಗ ಕಳ್ಸಿ ಮಾರಾಯ್ರೆ, ನಂಗೆ ಹೇಳದೆ ಹೊಟ್ಟೆ ಉಬ್ಬಿ ಹೋಗ್ತಾ ಉಂಟು!"

"ಕಳಿಸಿ ಆಯ್ತು. ಹನ್ನೆರಡು."

ಅವಳ ದನಿ ಸಣ್ಣದಾಯಿತು — "ಹೌದಾ? ನಂಗೆ ಹತ್ತು ಕಂಡ್ತಲ್ಲ ಭಾವ. ಮೂರು ಸಲ ನೋಡ್ದೆ."

ಹತ್ತು ಎಂದರೆ ನಿರೀಕ್ಷೆಯ ಆರು ಪಟ್ಟು ಬೆಳಕು. ಧೂಮಕೇತು ಒಮ್ಮೆಲೇ ಒಳಗಿನ ಧೂಳನ್ನು ಕಾರಿಕೊಂಡು ಉರಿದರೆ ಮಾತ್ರ ಹಾಗಾಗುತ್ತದೆ. ಅಂಥದ್ದನ್ನು ಮೊದಲು ಕಂಡ ಕಣ್ಣು ಅವಳದಾಗಿತ್ತು. "ಇಲ್ಲಿ ಮೋಡ ಕಣೇ, ನಾನು ನೋಡಲೇ ಇಲ್ಲ" — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಹೊರಬಂದದ್ದು: "ಸಂಜೆಬೆಳಕು ಇನ್ನೂ ಇತ್ತೇನೋ. ಹೊಸಬರಿಗೆ ಹಾಗೆ ಆಗ್ತದೆ."

ಮರುದಿನ ಸಂಚಾಲಕರು ಕೇಳಿದರು: "ಸರ್, ಹತ್ತಿರ ಹತ್ತಿರದ ಊರು, ಒಂದೇ ಸಂಜೆ. ಮೇಡಂ ಹತ್ತು ಅಂತಾರೆ. ನೀವು ಸ್ಪಷ್ಟವಾಗಿ ನೋಡಿದ್ರಾ?"

"ನೋಡಿದೆ."

ಆ ಒಂದು ಶಬ್ದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಮೊದಲಿನ ಸುಳ್ಳು ಒಣ ಅಭಿಮಾನದ್ದು. ಇದು — ಇದು ಅಸೂಯೆಯದು. ಆಗಲೇ ಗೊತ್ತಿತ್ತು ನನಗೆ.

ಅವಳ ವರದಿಯನ್ನು ಕೈಬಿಟ್ಟರು. ಆಮೇಲೆ ಅವಳ ಊರಿನಲ್ಲೂ ಮೋಡ; ಬಾನು ತಿಳಿಯಾಗುವ ಹೊತ್ತಿಗೆ ಬೆಳದಿಂಗಳು; ಅದು ಕಳೆಯುವಷ್ಟರಲ್ಲಿ ಧೂಮಕೇತು ಹಳೆಯ ಮಂಕಿಗೆ ಮರಳಿ, ನನ್ನ ಹನ್ನೆರಡಕ್ಕೆ ಸಾಕ್ಷಿ ಹೇಳುವಂತೆ ಸಭ್ಯವಾಗಿ ನಿಂತಿತ್ತು.

ಆ ಬೇಸಿಗೆಯಲ್ಲಿ ಶೃಂಗೇರಿಯಲ್ಲಿ ನೆಂಟರ ಮನೆಯ ಉಪನಯನ. ಊಟದ ಪಂಕ್ತಿಯಲ್ಲಿ ನಮ್ಮ ಷಡ್ಡಕ, ನನ್ನ ಹೆಂಡತಿಯ ಅಕ್ಕನ ಗಂಡ, ಕೂಗಿದ: "ವಾರಿಜಾ, ಈ ಪಾಯಸದಲ್ಲಿ ಗೋಡಂಬಿ ಎಷ್ಟು ಉಂಟು ನೋಡಿ ಹೇಳೇ. ನಿನ್ನ ಕಣ್ಣಿಗೆ ಎಲ್ಲ ಆರು ಪಟ್ಟು ಕಾಣ್ತದಲ್ಲ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ಕತೆಯನ್ನು ಅವನಿಗೆ ಹೇಳಿದವನು ನಾನು. ನಾನೂ ನಕ್ಕೆ. ವಾರಿಜಳೂ ನಕ್ಕಳು, ಎಲೆಯ ಕಡೆ ನೋಡುತ್ತ.

ಮುಂದಿನ ಮಳೆಗಾಲದೊಳಗೆ ಅವಳು ಲ್ಯಾಬಿನ ಕೆಲಸ ಬಿಟ್ಟಳು. ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಎಂದಿದ್ದರಂತೆ. ಆದರೂ ಪ್ರತಿ ಸ್ಲೈಡನ್ನೂ ಇನ್ನೊಬ್ಬರಿಗೆ ತೋರಿಸದೆ ರಿಪೋರ್ಟ್ ಕೊಡಲು ಅವಳಿಗೆ ಕೈ ಬರುತ್ತಿರಲಿಲ್ಲ. "ಧೂಮಕೇತು ತಪ್ಪಿದ್ರೆ ಯಾರಿಗೆ ಎಂತ ನಷ್ಟ ಭಾವ? ರಕ್ತದಲ್ಲಿ ತಪ್ಪು ಕಂಡ್ರೆ ಒಬ್ರ ಜೀವ ಹೋಗ್ತದೆ" ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿ, ಜವಾಬ್ದಾರಿಯ ನಿರ್ಧಾರವೆಂದು ಹೊಗಳಿದೆ. ಹೊಗಳಿದೆ! ದುರ್ಬೀನನ್ನು ಅವಳು ಒಂದು ಶಾಲೆಗೆ ಕೊಟ್ಟುಬಿಟ್ಟಳು.

ಈ ವರ್ಷ ಆ ಧೂಮಕೇತು ಮತ್ತೆ ಬಂತು. ತನ್ನ ದಾರಿಯ ಸರಿಸುಮಾರು ಅದೇ ತಿರುವಿನಲ್ಲಿ ಮತ್ತೆ ಉರಿಯಿತು. ಈ ಸಲ ಹಲವು ದೇಶಗಳ ಜನ ನೋಡಿದರು. ಸಂಚಾಲಕರು ಸಂಭ್ರಮದಿಂದ ಎಲ್ಲರಿಗೂ ಸಂದೇಶ ಕಳುಹಿಸಿದರು — ಈ ಧೂಮಕೇತು ಹೀಗೆ ಉರಿದ ದಾಖಲೆ ಹಿಂದೆಂದೂ ಇಲ್ಲ ಎಂದು. ಇಲ್ಲ — ಏಕೆಂದರೆ ಇದ್ದ ಒಂದೇ ದಾಖಲೆಯನ್ನು ಅಳಿಸಿದವನು ನಾನು.

ಸಂಚಾಲಕರಿಗೆ ನಿಜ ತಿಳಿಸಿದೆ. ನನ್ನ ಅಂಕವನ್ನು ಅಂದೇ ತೆಗೆದರು. ಮೋಡದ ಸಂಜೆಗಳ ಉಳಿದ ಸುಳ್ಳುಗಳನ್ನೂ ನಾನಾಗಿಯೇ ತೋರಿಸಿಕೊಟ್ಟು ತೆಗೆಸಿದೆ. ವಾರಿಜಳದ್ದನ್ನು ಮತ್ತೆ ಸೇರಿಸಬೇಕಾದರೆ, ತಾನು ಕಂಡದ್ದು ಅದೇ ಎಂದು ಅವಳೇ ದೃಢಪಡಿಸಬೇಕಂತೆ. ಹಾಗಾಗಿ ನರಸಿಂಹರಾಜಪುರಕ್ಕೆ ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ದೊಡ್ಡ ದೊಡ್ಡ ವಾಕ್ಯಗಳು ಒಂದೂ ನೆನಪಾಗಲಿಲ್ಲ.

ಅವಳು ಕೇಳಿದಳು: "ಹಾಗಾದ್ರೆ ಭಾವ, ನಾನು ಲ್ಯಾಬ್ ಬಿಡ್ತೇನೆ ಅಂತ ಹೇಳಿದ ದಿನ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

"ಅದಾಗಿ ಮೂರು ತಿಂಗಳು, ನಾನು ಮಾಡಿದ್ದ ಸ್ಲೈಡೆಲ್ಲ ಮನಸ್ಸಲ್ಲೇ ವಾಪಸ್ ನೋಡ್ತಾ ಇದ್ದೆ. ಯಾರಿಗೆ ಎಂತ ತಪ್ಪು ಬರ್ದು ಕೊಟ್ನೋ ಅಂತ." ಅವಳು ಎದ್ದಳು. "ಹನ್ನೆರಡೂವರೆಗೆ ಕೊಪ್ಪದ ಬಸ್ ಉಂಟು."

ಆ ಮನೆಯಲ್ಲಿ ಊಟದ ಹೊತ್ತಿಗೆ ನನಗೆ ಬಸ್ಸಿನ ವೇಳೆ ಹೇಳಿದ್ದು ಅದೇ ಮೊದಲು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಸಂಚಾಲಕರಿಗೆ ಅವಳು ಇನ್ನೂ ಏನೂ ತಿಳಿಸಿಲ್ಲ. ತಿಳಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಈಗ ನೆಂಟರಿಷ್ಟರ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ — ಅಂದು ಪಂಕ್ತಿಯಲ್ಲಿ ಕೂತು ನಕ್ಕವರ ಮನೆಗಳಿಗೆ — ಅವಳು ಸರಿಯಾಗಿ ಕಂಡಿದ್ದಳು, ನಾನು ಕಂಡಿರಲೇ ಇಲ್ಲ ಎಂದು ಹೇಳಿ ಬರಲು. ಕೆಲವರು ಇದನ್ನೂ ತಮಾಷೆ ಎಂದುಕೊಂಡು ನಗುತ್ತಾರೆ. ಅವರು ನಕ್ಕು ಮುಗಿಸುವ ತನಕ ಕಾದು, ಇನ್ನೊಮ್ಮೆ ಹೇಳುತ್ತೇನೆ.