ಕಂಬದ ಮೇಲಿಂದ ಬಂದ ಕರೆ

ದೆವ್ವ, ಶಕುನ, ಅಶರೀರವಾಣಿ ಎಲ್ಲ ನನಗೆ ಬರೀ ನಾನ್‌ಸೆನ್ಸ್ ಆಗಿತ್ತು. ಕಾನ್ವೆಂಟಿನಲ್ಲಿ ಓದಿ, ಆಮೇಲೆ ಶಿಕಾರಿಪುರದಲ್ಲೂ ಸೊರಬದಲ್ಲೂ ಸೈನ್ಸ್ ಟೀಚರ್ ಆಗಿದ್ದವಳು ನಾನು. ಪ್ರೂಫ್ ಇಲ್ಲದ್ದನ್ನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ; ನಡೆದದ್ದನ್ನಷ್ಟೇ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಹೊಸಬಾಳೆಯಿಂದ ಮಧ್ಯಾಹ್ನ ಸೊರಬಕ್ಕೆ ಹಿಂದಿರುಗುವಾಗ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದಲ್ಲೇ ಕರೆಂಟಿನ ಸಬ್‌ಸ್ಟೇಷನ್. ಅಲ್ಲಿಯ ಆಪರೇಟರ್ ರೇಖಾ ನನ್ನ ಹಳೆಯ ಸ್ಟೂಡೆಂಟ್. ಹೊರಗಿನವರು ಒಳಗೆ ಹೋಗುವಂತಿಲ್ಲ, ಆದರೂ ಕರೆದಳು. "ಬಿಸಿಲಲ್ಲಿ ಯಾಕೆ ನಿಂತೀರಿ ಟೀಚರ್, ಬನ್ನಿ. ನಾನೂ ಬೆಳಿಗ್ಗೆಯಿಂದ ಗೋಡೆ ಜೊತೆ ಮಾತಾಡ್ತಾ ಕೂತೀನಿ."

ಅಲ್ಲಿಯ ಪದ್ಧತಿಯನ್ನು ಅವಳೇ ವಿವರಿಸಿದಳು. ಕಂಬ ಹತ್ತುವ ಮೊದಲು ಲೈನ್‌ಮನ್ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾನೆ. ಇವಳು ಕರೆಂಟ್ ತೆಗೆದು ಪುಸ್ತಕದಲ್ಲಿ ಬರೆಯುತ್ತಾಳೆ. ಕೆಳಗಿಳಿದ ಮೇಲೆ ಅವನೇ, ತನ್ನ ದನಿಯಲ್ಲೇ, ಎಲ್‌ಸಿ ಹಿಂದಿರುಗಿಸಬೇಕು. ಕಂಬದ ಮೇಲೆ ಒಂಟಿಯಾಗಿರುವವನಿಗೆ ಆ ಒಂದು ಮಾತೇ ಕಾವಲು.

ಅಷ್ಟರಲ್ಲಿ ಬಸಪ್ಪನೆಂಬ ಲೈನ್‌ಮನ್ ಅವಳ ಮೊಬೈಲಿಗೆ ಫೋನ್ ಮಾಡಿ ಎಲ್‌ಸಿ ಹಿಂದಿರುಗಿಸಿದ. ರೇಖಾ ಬರೆದುಕೊಂಡು, ಮತ್ತೆ ಕರೆಂಟ್ ಕೊಡಲು ಸ್ವಿಚ್ಚಿನ ಕಡೆ ನಡೆದಳು. ಆಗಲೇ ಮೇಜಿನ ಮೇಲಿನ ಹಳೆಯ ಲ್ಯಾಂಡ್‌ಲೈನ್ ಬಡಿದುಕೊಂಡಿತು.

"ಸ್ವಲ್ಪ ಎತ್ತಿ ಟೀಚರ್. ಪಂಪ್‌ಸೆಟ್‌ನೋರು ಬೈಯೋಕೇ ಇರಬೇಕು."

ಎತ್ತಿದೆ. "ಟೀಚರ್, ನಾನ್ರೀ ಮಂಜಪ್ಪ. ಇನ್ನೂ ಕಂಬದ ಮ್ಯಾಲೇ ಅದೀನಿ. ಲೈನ್ ಕೊಡಬ್ಯಾಡ ಅನ್ರಿ."

ಈಸೂರಿನ ಮಂಜಪ್ಪ, ಲೈನ್‌ಮನ್, ನಮ್ಮ ಮನೆ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದವನು. ದಿನವೂ ಕೇಳುವ ದನಿ.

"ರೇಖಾ, ಸ್ಟಾಪ್!" ಎಂದು ಕೂಗಿದೆ.

ಅವಳ ಕೈ ಸ್ವಿಚ್ಚಿನ ಮೇಲಿತ್ತು. ಓಡಿ ಬಂದು ಪುಸ್ತಕದ ಹಿಂದಿನ ಪುಟ ತೆರೆದಳು. ಅದೇ ಲೈನಿಗೆ ಬೆಳಿಗ್ಗೆ ಮಂಜಪ್ಪನೂ ಎಲ್‌ಸಿ ತೆಗೆದುಕೊಂಡಿದ್ದ. ಹಿಂದಿರುಗಿಸಿರಲಿಲ್ಲ. ಪುಟ ತಿರುಗಿದ್ದರಿಂದ ಇವಳಿಗೆ ಮರೆತೇಹೋಗಿತ್ತು. ನಾನು ಮತ್ತೆ ರಿಸೀವರ್ ಕಿವಿಗಿಟ್ಟಾಗ ಕರೆ ಕಡಿದುಹೋಗಿತ್ತು.

ಸಂಜೆ ಮನೆಗೆ ಬಂದ ಮಂಜಪ್ಪ ನನ್ನ ಮಾತು ಕೇಳಿ ಬಾಗಿಲಲ್ಲೇ ನಿಂತುಬಿಟ್ಟ. ಅವನು ಫೋನೇ ಮಾಡಿರಲಿಲ್ಲ. ಮೊಬೈಲು ಕೆಳಗೆ ಬೈಕಿನ ಪೆಟ್ಟಿಗೆಯಲ್ಲಿತ್ತು. ಬೆಳಿಗ್ಗೆ ಎಲ್‌ಸಿ ತೆಗೆದುಕೊಳ್ಳಲು ಒಮ್ಮೆ, ಕೆಲಸ ಮುಗಿಸಿ ಇಳಿದ ಮೇಲೆ ಒಮ್ಮೆ, ರೇಖಾಳಿಗೆ ಮಾಡಿದ್ದ ಎರಡೇ ಕರೆ ಅದರಲ್ಲಿದ್ದವು. ಅದಿರಲಿ, ನಾನು ಅಲ್ಲಿರುವುದು ಅವನಿಗೆ ಹೇಗೆ ಗೊತ್ತು? ಬಸ್ಸು ಕೆಡುತ್ತದೆಂದು ನನಗೇ ಗೊತ್ತಿರಲಿಲ್ಲ.

ರೇಖಾ ತನ್ನ ತಪ್ಪನ್ನು ಮೇಲಿನವರಿಗೆ ತಾನೇ ತಿಳಿಸಿದಳು. ಈಗ ಯಾರು ಎಲ್‌ಸಿ ತೆಗೆದುಕೊಂಡರೂ ಅವರ ಹೆಸರಿನ ಕೆಂಪು ಚೀಟಿ ಸ್ವಿಚ್ಚಿಗೇ ತೂಗುತ್ತದೆ. ಅದು ನನಗೆ ಅರ್ಥವಾಗುವ ಮಾತು. ಆ ಕರೆ ಅಲ್ಲ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಮಂಡಿಯೂರಿದಾಗಲೂ ಬಾರದ ನಡುಕ ಅದನ್ನು ನೆನೆದರೆ ಬರುತ್ತದೆ.

ಮಂಜಪ್ಪ ಅದರ ಬಗ್ಗೆ ಒಮ್ಮೆ ಮಾತ್ರ ಕೇಳಿದ. "ಟೀಚರ್, ಆ ದನಿ ಹೆದರಿತ್ತೇನ್ರೀ?"

"ಇಲ್ಲಪ್ಪ. ಬಹಳ ಶಾಂತವಾಗಿತ್ತು."

"ಹಂಗಾರೆ ಅದು ನಂದಲ್ಲ ಬಿಡ್ರಿ. ಕಂಬದ ಮ್ಯಾಲೆ ನಾನು ಯಾವತ್ತೂ ಹೆದರಿಕೊಂಡೇ ಇರ್ತೀನಿ."

ನಗುತ್ತಾನೇನೋ ಎಂದು ಮುಖ ನೋಡಿದೆ. ನಗಲಿಲ್ಲ.